ಪೇಟೆಬೀದಿಯ ಅಗಲ ಮತ್ತು ವ್ಯಾಪಾರದ ಲೆಕ್ಕ

ಹಾವೇರಿ ತಾಲೂಕಿನ ಅಗಡಿ ಗ್ರಾಮವು ಕನ್ನಡ ಓದುಗರಿಗೆ ಆನಂದವನದ ಮೂಲಕವೂ ಅಲ್ಲಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕವೂ ಪರಿಚಿತವಾದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಪತ್ರಿಕೆಯ ಸಂಪಾದಕರಾಗಿದ್ದ ಗಳಗನಾಥರು ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು, ಊರೂರು ತಿರುಗಿ, ಮನೆಬಾಗಿಲಿಗೆ ಹೋಗಿ ಮಾರಿದರು. ಸಾಹಿತ್ಯ ಚರಿತ್ರೆಯಲ್ಲಿ ಈ ಸಂಗತಿಯನ್ನು ಕನ್ನಡದ ಮೇಲಿನ ಪ್ರೀತಿಯ ಉದಾಹರಣೆಯಾಗಿ ಹೇಳಲಾಗುತ್ತದೆ. ವ್ಯಾಪಾರದ ದೃಷ್ಟಿಯಿಂದ ಅದರಲ್ಲಿ ಇನ್ನೊಂದು ಅಂಶವಿದೆ. ಅಂದು ಮಾರುವವನೂ ಕೊಳ್ಳುವವನೂ ಕಾಲ್ನಡಿಗೆಯವರೇ ಆಗಿದ್ದರು. ಚಕ್ಕಡಿ, ದನ, ಸಂತೆಗೆ ಹೊರಟ ಹೆಂಗಸರು, ಆಟವಾಡುವ ಮಕ್ಕಳು ಎಲ್ಲರೂ ಒಂದೇ ಬೀದಿಯಲ್ಲಿ ಸಾಗುತ್ತಿದ್ದರು. ಯಾರಿಗೂ ಪ್ರತ್ಯೇಕ ಪಟ್ಟಿಯನ್ನು ಎಳೆದು ಕೊಟ್ಟಿರಲಿಲ್ಲ. ಎತ್ತಿನ ನಡಿಗೆಗೂ ಮನುಷ್ಯನ ನಡಿಗೆಗೂ ಹೆಚ್ಚಿನ ಅಂತರವಿರಲಿಲ್ಲವಾದ್ದರಿಂದ ಅದರ ಅಗತ್ಯವೂ ಬೀಳಲಿಲ್ಲ.

ಈ ವ್ಯವಸ್ಥೆಯ ಉಳಿಕೆ ಜಿಲ್ಲೆಯಲ್ಲಿ ಇಂದಿಗೂ ಇದೆ. ಸುಗ್ಗಿಯ ಕಾಲದಲ್ಲಿ ಹಾವೇರಿ ಜಿಲ್ಲೆಯ ಗ್ರಾಮೀಣ ರಸ್ತೆಗಳ ಅರ್ಧ ಅಗಲದ ಮೇಲೆ ಗೋವಿನಜೋಳದ ರಾಶಿ ಒಣಗುತ್ತಿರುತ್ತದೆ. ಕಾರಹುಣ್ಣಿಮೆಯ ಕರಿ ಹರಿಯುವ ದಿನ, ದೀಪಾವಳಿಯ ನಂತರದ ಹೋರಿ ಬೆದರಿಸುವ ದಿನ ಊರಿನ ಅಗಸಿಯ ಬೀದಿಯಲ್ಲಿ ವಾಹನಗಳಿಗೆ ಎಡೆಯೇ ಇಲ್ಲ. ಬೀದಿ ಜನರದು ಎಂಬ ಭಾವನೆ ಅಳಿದಿಲ್ಲ. ಆದರೆ ಅದೇ ಬೀದಿಯಲ್ಲಿ ಇಂದು ಹತ್ತು ಟನ್ ಸರಕು ಹೇರಿದ ಲಾರಿಯೂ ಗಂಟೆಗೆ 60 ಕಿಲೋಮೀಟರ್ ವೇಗದ ಬೈಕೂ ಸಾಗುತ್ತವೆ. ಭಾವನೆ ಹಳೆಯದು, ವೇಗ ಹೊಸದು. ಜಿಲ್ಲೆಯ ಪೇಟೆಬೀದಿಗಳ ಸಮಸ್ಯೆ ಹುಟ್ಟಿದ್ದು ಇವೆರಡರ ನಡುವೆ.

ಬ್ಯಾಡಗಿಯ ಮುಖ್ಯರಸ್ತೆ

ಈ ಸಮಸ್ಯೆಯು ಅತ್ಯಂತ ತೀವ್ರವಾಗಿ ಕಾಣಿಸಿಕೊಂಡ ಸ್ಥಳ ಬ್ಯಾಡಗಿ. ಕಡ್ಡಿ ಮತ್ತು ಡಬ್ಬಿ ತಳಿಗಳ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಅದಕ್ಕೂ ಬಹಳ ಮೊದಲೇ ಇಲ್ಲಿಯ ಮಾರುಕಟ್ಟೆ ದೇಶದ ಪ್ರಮುಖ ಮೆಣಸಿನಕಾಯಿ ಪೇಟೆಗಳಲ್ಲಿ ಒಂದಾಗಿ ಬೆಳೆದಿತ್ತು. ಟೆಂಡರಿನ ದಿನಗಳಾದ ಸೋಮವಾರ ಮತ್ತು ಗುರುವಾರ, ಅದರಲ್ಲಿಯೂ ಜನವರಿಯಿಂದ ಮಾರ್ಚ್ ವರೆಗಿನ ಆವಕದ ಕಾಲದಲ್ಲಿ, ಜಿಲ್ಲೆಯ ಆಚೆಯಿಂದಲ್ಲದೆ ಆಂಧ್ರಪ್ರದೇಶದ ಕಡೆಯಿಂದಲೂ ಚೀಲಗಳನ್ನು ಹೇರಿಕೊಂಡ ಲಾರಿಗಳು ಪಟ್ಟಣಕ್ಕೆ ಬರುತ್ತವೆ. ವರ್ಷಕ್ಕೆ ನಾಲ್ಕಾರು ತಿಂಗಳು ಬ್ಯಾಡಗಿಯು ತನ್ನ ಗಾತ್ರಕ್ಕೆ ಮೀರಿದ ಭಾರವನ್ನು ಹೊರುತ್ತದೆ.

ಪಟ್ಟಣದ ಮುಖ್ಯರಸ್ತೆಯು ಕೇವಲ ಪೇಟೆಬೀದಿಯಲ್ಲ, ರಾಜ್ಯ ಹೆದ್ದಾರಿಯ ಒಂದು ತುಂಡೂ ಹೌದು. ಊರಿಗೆ ಬಂದವರೂ ಊರನ್ನು ದಾಟಿಹೋಗುವವರೂ ಅದೇ ರಸ್ತೆಯನ್ನು ಬಳಸುತ್ತಾರೆ. ಆ ರಸ್ತೆಯನ್ನು ಅಗಲಗೊಳಿಸುವ ಪ್ರಸ್ತಾವವು ವರ್ಷಗಟ್ಟಲೆ ಪ್ರತಿಭಟನೆ, ಬಂದ್ ಮತ್ತು ನ್ಯಾಯಾಲಯದ ದಾವೆಗಳ ವಿಷಯವಾಯಿತು. ಅಗಲೀಕರಣ ಬೇಕೆನ್ನುವವರ ವಾದ ಸರಳವಾದುದು: ಎದುರುಬದುರಾಗಿ ಎರಡು ಬಸ್ಸುಗಳು ಬಂದರೆ ನಡೆಯುವವನು ಗಟಾರಕ್ಕೆ ಇಳಿಯಬೇಕಾಗುತ್ತದೆ. ಬೇಡವೆನ್ನುವವರ ವಾದವೂ ಅಷ್ಟೇ ಸರಳವಾದುದು: ತಲೆಮಾರುಗಳಿಂದ ನಡೆದುಬಂದ ಅಂಗಡಿ, ಅದರ ಮೇಲಿನ ಮನೆ, ಅದರ ಹಿಂದಿನ ಸಾಲ ಎಲ್ಲವೂ ಆ ಕೆಲವು ಅಡಿಗಳ ಮೇಲೆ ನಿಂತಿವೆ. ಇಪ್ಪತ್ತು ಅಡಿ ಆಳದ ಅಂಗಡಿಯಿಂದ ಹನ್ನೆರಡು ಅಡಿ ಹೋದರೆ ಉಳಿಯುವುದು ಅಂಗಡಿಯಲ್ಲ, ಕಪಾಟು.

ಎರಡೂ ವಾದಗಳಲ್ಲಿ ಸತ್ಯವಿದೆ. ಆದರೆ ಎರಡೂ ಪಕ್ಷಗಳು ಒಂದೇ ಪ್ರಶ್ನೆಯ ಸುತ್ತ ಹೋರಾಡಿದವು: ರಸ್ತೆ ಎಷ್ಟು ಅಡಿ ಅಗಲವಿರಬೇಕು? ಆ ಅಡಿಗಳನ್ನು ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಹಂಚಬೇಕು ಎಂಬ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಉಳಿಯಿತು. ವಿನ್ಯಾಸವಿಲ್ಲದ ಅಗಲೀಕರಣದ ಫಲಿತಾಂಶ ರಾಜ್ಯದ ಅನೇಕ ತಾಲೂಕು ಕೇಂದ್ರಗಳಲ್ಲಿ ಕಣ್ಣಿಗೆ ಬೀಳುತ್ತದೆ. ಹೊಸದಾಗಿ ದೊರೆತ ಜಾಗವನ್ನು ಕೆಲವೇ ದಿನಗಳಲ್ಲಿ ನಿಂತ ವಾಹನಗಳು ಆಕ್ರಮಿಸುತ್ತವೆ, ಸಾಗುವ ವಾಹನಕ್ಕೆ ಮೊದಲಿನಷ್ಟೇ ಜಾಗ ಉಳಿಯುತ್ತದೆ, ನಡೆಯುವವನು ಮೊದಲಿಗಿಂತ ಹೆಚ್ಚು ದೂರ ರಸ್ತೆ ದಾಟಬೇಕಾಗುತ್ತದೆ. ಖರ್ಚು ಮಾಡಿ ಕೊಂಡ ಆಸ್ತಿಯನ್ನು ಪುಸ್ತಕಕ್ಕೆ ಏರಿಸದೆ ಬಿಟ್ಟಂತೆ ಇದು.

ಸಾಗುವ ರಸ್ತೆ, ನಿಲ್ಲುವ ಬೀದಿ

ಪೇಟೆಬೀದಿಗೆ ಎರಡು ಕೆಲಸಗಳಿವೆ. ವಾಹನಗಳನ್ನು ಸಾಗಿಸುವುದು ಒಂದು, ಜನರನ್ನು ನಿಲ್ಲಿಸುವುದು ಮತ್ತೊಂದು. ವ್ಯಾಪಾರಿಗೆ ಲಾಭ ತರುವುದು ಎರಡನೆಯದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ದಾಟಿಹೋಗುವ ಕಾರು ಯಾವ ಅಂಗಡಿಯ ಗಲ್ಲೆಗೂ ಒಂದು ರೂಪಾಯಿ ಹಾಕುವುದಿಲ್ಲ. ಹಾಗಿದ್ದರೂ ಅಭಿಯಂತರರ ನಕ್ಷೆಯಲ್ಲಿ ಮೊದಲು ಎಣಿಕೆಗೆ ಬರುವುದು ಅದೇ ಕಾರು.

ವೇಗವನ್ನು ತಗ್ಗಿಸಿದರೆ ಪಟ್ಟಣವೇ ಸ್ತಬ್ಧವಾಗುತ್ತದೆ ಎಂಬ ಭಯವನ್ನು ಲೆಕ್ಕ ಹಾಕಿ ನೋಡಬಹುದು. ಪೇಟೆಬೀದಿಯ ಉದ್ದ ಮುಕ್ಕಾಲು ಕಿಲೋಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದನ್ನು ದಾಟಲು 67 ಸೆಕೆಂಡು ಬೇಕು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ 135 ಸೆಕೆಂಡು. ವ್ಯತ್ಯಾಸ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಇಷ್ಟನ್ನು ಉಳಿಸುವುದಕ್ಕಾಗಿ ಇಡೀ ಬೀದಿಯ ಅಪಾಯವನ್ನು ಹೆಚ್ಚಿಸಲಾಗುತ್ತದೆ. ಡಿಕ್ಕಿಯ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಯಾದ್ದರಿಂದ 30ರ ಬದಲು 50ರ ವೇಗದಲ್ಲಿ ಬರುವ ಅದೇ ವಾಹನದ ಹೊಡೆತ ಸುಮಾರು 2.8 ಪಟ್ಟು ಹೆಚ್ಚಿನದು. ಚಾಲಕನು ಅಪಾಯವನ್ನು ಕಂಡು ಬ್ರೇಕ್ ತುಳಿಯುವ ಒಂದು ಸೆಕೆಂಡಿನಲ್ಲಿಯೇ ಮೊದಲನೆಯ ವಾಹನ 8 ಮೀಟರ್, ಎರಡನೆಯದು ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ್ದ ಜಾಗತಿಕ ಸಮಾವೇಶವು, ಪಾದಚಾರಿಗಳೂ ವಾಹನಗಳೂ ಬೆರೆಯುವೆಡೆ ಗರಿಷ್ಠ ವೇಗ 30 ಕಿಲೋಮೀಟರ್ ಇರಬೇಕೆಂದು ಘೋಷಿಸಿದ್ದು ಇಂಥದೇ ಲೆಕ್ಕದ ಮೇಲೆ.

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ಪಾದಚಾರಿಗಳು, 74,897 ಜನ ದ್ವಿಚಕ್ರ ವಾಹನದವರು. ಪೇಟೆಯ ಗಿರಾಕಿಗಳಲ್ಲಿ ಬಹುಪಾಲು ಬರುವುದು ಈ ಎರಡು ವರ್ಗಗಳಿಂದಲೇ. ನಿಂತ ವಾಹನದ ಅಪಾಯವೂ ಕಡಿಮೆಯದಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಬದಿಗೆ ನಿಂತಿದ್ದ ಲಾರಿಗೆ ಯಾತ್ರಿಕರ ವಾಹನ ಬಡಿದು 13 ಜನ ಪ್ರಾಣ ಕಳೆದುಕೊಂಡರು. ಲಾರಿಗಳು ಎಲ್ಲಿ ನಿಲ್ಲಬೇಕು ಎಂಬ ವಿಷಯವು ಸಾಗಣೆದಾರರಿಗೆ ಮಾತ್ರ ಸೇರಿದ್ದಲ್ಲ. ಸರಕು ಯಾರದೋ ಅವರೂ ಅದಕ್ಕೆ ಬಾಧ್ಯರು.

ಫ್ರೀಸ್‌ಲ್ಯಾಂಡಿನ ಅಭಿಯಂತರ

ಬೀದಿಯನ್ನು ಎಲ್ಲರೂ ಹಂಚಿಕೊಳ್ಳುವ ವಿನ್ಯಾಸದ ಚರ್ಚೆಯಲ್ಲಿ ನೆದರ್ಲೆಂಡ್ಸಿನ ಹೆಸರು ಮೊದಲು ಬರುತ್ತದೆ. 1960ರ ದಶಕದ ಕೊನೆಯಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ ಮನೆಗಳ ಓಣಿಗಳನ್ನು ಕಾರು ನಿಧಾನವಾಗಿ ಬರುವಂತೆ ಮಾರ್ಪಡಿಸಲಾಯಿತು. ‘ವೂನೆರ್ಫ್’ ಎಂಬ ಈ ಮಾದರಿಗೆ 1976ರಲ್ಲಿ ಕಾನೂನಿನ ಮಾನ್ಯತೆ ದೊರೆಯಿತು. ಮುಂದೆ ಫ್ರೀಸ್‌ಲ್ಯಾಂಡ್ ಪ್ರಾಂತದ ಸಂಚಾರ ಅಭಿಯಂತರ ಹಾನ್ಸ್ ಮಾಂಡರ್‌ಮನ್ (1945–2008) ಇನ್ನೂ ಧೈರ್ಯದ ಹೆಜ್ಜೆಯಿಟ್ಟರು. ಡ್ರಾಖ್ಟನ್ ಪಟ್ಟಣದಲ್ಲಿ ದಿನಕ್ಕೆ ಸುಮಾರು 20 ಸಾವಿರ ವಾಹನಗಳು ಹಾಯುವ ವೃತ್ತದಿಂದ ಸಿಗ್ನಲ್ ದೀಪಗಳನ್ನೂ ಫಲಕಗಳನ್ನೂ ತೆಗೆದುಹಾಕಿದರು. ಚಾಲಕನು ದೀಪವನ್ನು ನೋಡುವ ಬದಲು ಎದುರಿನ ಮನುಷ್ಯನ ಕಣ್ಣನ್ನು ನೋಡಬೇಕು, ಆಗ ತಾನಾಗಿಯೇ ನಿಧಾನಿಸುತ್ತಾನೆ ಎಂಬುದು ಅವರ ನಂಬಿಕೆ. ಅಲ್ಲಿ ಅದು ಫಲ ನೀಡಿತು.

ದೀಪವೂ ಫಲಕವೂ ಇಲ್ಲದ ವೃತ್ತ ಎಂದೊಡನೆ ಹಾವೇರಿ, ರಾಣೆಬೆನ್ನೂರಿನ ಜನ ನಗಬಹುದು. ಅಂಥವು ಇಲ್ಲಿ ಬೇಕಾದಷ್ಟಿವೆ! ಭೇದವಿರುವುದು ಒಂದೇ ಕಡೆ. ಡ್ರಾಖ್ಟನ್ನಿನಲ್ಲಿ ದೀಪ ತೆಗೆಯುವ ಮೊದಲು ರಸ್ತೆಯ ಆಕಾರವನ್ನೇ ಬದಲಿಸಲಾಗಿತ್ತು. ವೇಗವಾಗಿ ಓಡಿಸಲು ಎಡೆಯೇ ಇರದ ಹಾಗೆ ನೆಲಹಾಸು, ತಿರುವು, ಪಥದ ಅಗಲಗಳನ್ನು ರೂಪಿಸಲಾಗಿತ್ತು. ನಿಯಮವನ್ನು ತೆಗೆದರೆ ಸಾಲದು, ನಿಯಮ ಮಾಡುತ್ತಿದ್ದ ಕೆಲಸವನ್ನು ನೆಲ ಮಾಡಬೇಕು. ಈ ಅರ್ಧ ಮಾತನ್ನು ಮರೆತು ಉಳಿದರ್ಧವನ್ನು ಹಿಡಿದವರು ಯುರೋಪಿನಲ್ಲಿಯೂ ಎಡವಿದರು. ಬ್ರಿಟನ್ನಿನಲ್ಲಿ ಪಾದಚಾರಿ ಮಾರ್ಗವನ್ನೂ ವಾಹನಪಥವನ್ನೂ ಒಂದೇ ಸಮತಟ್ಟಿಗೆ ತಂದ ಬೀದಿಗಳಲ್ಲಿ ಅಂಧರು ದಿಕ್ಕು ತಿಳಿಯದೆ ಕಂಗಾಲಾದರು. ಕಣ್ಣು ಕಾಣದವನಿಗೆ ಚಾಲಕನ ಕಣ್ಣನ್ನು ನೋಡೆಂದು ಹೇಳುವುದರಲ್ಲಿ ಅರ್ಥವಿಲ್ಲ. ಅಲ್ಲಿಯ ಸರ್ಕಾರ 2018ರಲ್ಲಿ ಅಂತಹ ಸಮತಟ್ಟು ಬೀದಿಗಳ ಹೊಸ ಯೋಜನೆಗಳನ್ನು ತಡೆಹಿಡಿಯುವಂತೆ ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿತು.

ಆದ್ದರಿಂದ ಬ್ಯಾಡಗಿಗೋ ರಾಣೆಬೆನ್ನೂರಿಗೋ ಪೂರ್ಣ ಬೆರಕೆಯ ಬೀದಿ ಹೊಂದುವುದಿಲ್ಲ. ಒಳ ಓಣಿಗಳಿಗೆ ಅದು ಸರಿ. ಬಸ್ಸು ಹಾಯುವ ಪೇಟೆಬೀದಿಗೆ ಬೇಕಾಗಿರುವುದು ನಿಧಾನದ ವಾಹನಪಥ ಮತ್ತು ತಡೆಯಿಲ್ಲದ ಕಾಲುದಾರಿ.

ಬೆಂಗಳೂರು, ದೆಹಲಿ, ಹುಬ್ಬಳ್ಳಿ

ದೇಶದೊಳಗಿನ ಅನುಭವ ಇನ್ನೂ ಹತ್ತಿರದ್ದು. ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ವಾಹನಪಥದ ಅಗಲವನ್ನು ಉದ್ದಕ್ಕೂ ಒಂದೇ ಸಮನಾಗಿ ಇಟ್ಟು, ಉಳಿದ ಜಾಗವನ್ನು ಪಾದಚಾರಿಗಳಿಗೆ ಬಿಟ್ಟು, ನೀರು, ಒಳಚರಂಡಿ, ವಿದ್ಯುತ್ ಮತ್ತು ದೂರವಾಣಿ ಜಾಲಗಳನ್ನು ಕಾಲುದಾರಿಯ ಅಡಿಗೆ ಒಯ್ಯಲಾಯಿತು. ಮೇಲೆ ಕಾಣುವ ಕಲ್ಲಿನ ಹಾಸಿಗಿಂತ ಕೆಳಗೆ ಕಾಣದ ಈ ವ್ಯವಸ್ಥೆಯೇ ಮುಖ್ಯವಾದುದು. ಹೊಸ ಡಾಂಬರು ಬಿದ್ದ ತಿಂಗಳಲ್ಲಿ ನಲ್ಲಿಯವರು ಬಂದು ಅಗೆಯುವುದನ್ನು ಕಂಡ ಯಾವ ವ್ಯಾಪಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಚರ್ಚ್ ಸ್ಟ್ರೀಟ್ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿ. 2018ರಲ್ಲಿ ಕಲ್ಲುಹಾಸಿನೊಂದಿಗೆ ಅದು ಹೊಸ ರೂಪ ಪಡೆಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನು ನಿಷೇಧಿಸಿ ಪ್ರಯೋಗ ನಡೆಸಲಾಯಿತು. ವ್ಯಾಪಾರಸ್ಥರಲ್ಲಿ ಪರವೂ ವಿರೋಧವೂ ಇದ್ದವು. ತಿನಿಸಿನ ಅಂಗಡಿಯವರಿಗೆ ನಡೆದಾಡುವ ಜನ ಬೇಕು, ಭಾರದ ಸಾಮಾನು ಮಾರುವವರಿಗೆ ಬಾಗಿಲಿಗೆ ಬರುವ ಬಂಡಿ ಬೇಕು. ಒಂದೇ ಬೀದಿಯ ಎಲ್ಲ ವ್ಯಾಪಾರಗಳ ಹಿತ ಒಂದೇ ಎಂದು ಯೋಜನೆ ಮಾಡುವವರು ಭಾವಿಸಬಾರದು.

ದೆಹಲಿಯ ಚಾಂದನಿ ಚೌಕದ ಉದಾಹರಣೆ ಸಗಟು ವ್ಯಾಪಾರಿಗಳಿಗೆ ಹೆಚ್ಚು ಉಪಯುಕ್ತ. ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗಿನ 1.3 ಕಿಲೋಮೀಟರ್ ಬೀದಿಯನ್ನು ಮರುರೂಪಿಸಿ 2021ರಲ್ಲಿ ಉದ್ಘಾಟಿಸಿದಾಗ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲವೆಂಬ ನಿಯಮ ಬಂತು. ಸರಕು ಇಳಿಸುವುದು, ಏರಿಸುವುದು ರಾತ್ರಿಗೆ ಸರಿದವು. ನಿಯಮದ ಉಲ್ಲಂಘನೆಯ ದೂರುಗಳು ಆಮೇಲೆ ಸಾಕಷ್ಟು ಬಂದವು, ಅದು ನಿಜ. ಆದರೂ ಶತಮಾನಗಳ ಸಗಟು ಪೇಟೆಯೊಂದು ಜಾಗವನ್ನು ಅಡಿಯಲ್ಲಿ ಮಾತ್ರವಲ್ಲ, ಗಂಟೆಯಲ್ಲಿಯೂ ಹಂಚಬಹುದು ಎಂಬುದನ್ನು ತೋರಿಸಿತು. ಬ್ಯಾಡಗಿಯ ವಿವಾದದಲ್ಲಿ ಗಡಿಯಾರದ ಮಾತು ಬಂದಿದ್ದು ಕಡಿಮೆ.

ಹುಬ್ಬಳ್ಳಿ–ಧಾರವಾಡದ ತ್ವರಿತ ಬಸ್ ಸಾರಿಗೆ ವ್ಯವಸ್ಥೆಯಿಂದ ಬೇರೆ ಪಾಠವಿದೆ. 2018ರ ಅಕ್ಟೋಬರಿನಲ್ಲಿ ಸಂಚಾರ ಆರಂಭಿಸಿದ ಈ ವ್ಯವಸ್ಥೆ ಬಸ್ ಪ್ರಯಾಣಿಕರ ಸಮಯವನ್ನು ಉಳಿಸಿತು. ಆದರೆ ನಡುವಿನ ಮೀಸಲು ಪಥದ ಎರಡೂ ಬದಿಯ ಬೇಲಿಯು ರಸ್ತೆಯ ಆಚೆಬದಿಯ ಅಂಗಡಿಯನ್ನು ಈಚೆಬದಿಯ ಗಿರಾಕಿಯಿಂದ ದೂರಮಾಡಿತೆಂಬ ಅಸಮಾಧಾನ ವ್ಯಾಪಾರಸ್ಥರಲ್ಲಿ ಉಳಿಯಿತು. ಸಾಗುವ ಕೆಲಸಕ್ಕೆ ಪೂರ್ಣ ಅಂಕ, ದಾಟುವ ಕೆಲಸಕ್ಕೆ ಅಷ್ಟಿಲ್ಲ.

ಅಂಗಡಿಯ ಮುಂದಿನ ಜಾಗದ ಬೆಲೆ

ವ್ಯಾಪಾರಸ್ಥರು ಕಾಲುದಾರಿಯನ್ನು ವಿರೋಧಿಸುವ ಮುಖ್ಯ ಕಾರಣ ವಾಹನ ನಿಲುಗಡೆ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬುದು ಪ್ರಶ್ನಿಸಲಾಗದ ಸತ್ಯವೆಂಬಂತೆ ಚಲಾವಣೆಯಲ್ಲಿದೆ. ಅದನ್ನು ಲೆಕ್ಕಕ್ಕೆ ಒಡ್ಡಬೇಕು.

ಒಂದು ಕಾರು ನಿಲ್ಲಲು 5 ಮೀಟರ್ ಉದ್ದ, 2.5 ಮೀಟರ್ ಅಗಲ ಬೇಕು. ಅಂದರೆ 12.5 ಚದರ ಮೀಟರ್, ಸುಮಾರು 135 ಚದರ ಅಡಿ. ಪೇಟೆಯ ಅನೇಕ ಅಂಗಡಿಗಳೇ ಇದಕ್ಕಿಂತ ಚಿಕ್ಕವು. ಅದೇ ಜಾಗದಲ್ಲಿ ಐದು ದ್ವಿಚಕ್ರ ವಾಹನಗಳು ನಿಲ್ಲುತ್ತವೆ. ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಒಬ್ಬೊಬ್ಬ ಗಿರಾಕಿ ಅರ್ಧ ಗಂಟೆ ನಿಲ್ಲುತ್ತಾನೆಂದು ಇಟ್ಟುಕೊಂಡರೆ, ಕಾರಾದರೆ ದಿನಕ್ಕೆ 20 ಬಾರಿ, ದ್ವಿಚಕ್ರವಾದರೆ 100 ಬಾರಿ ಆ ಜಾಗ ಗಿರಾಕಿಗೆ ಒದಗುತ್ತದೆ. ವಾಸ್ತವದಲ್ಲಿ ಅಲ್ಲಿ ನಿಲ್ಲುವುದು ಯಾರ ವಾಹನ? ಬಹಳ ಅಂಗಡಿಗಳ ಮುಂದೆ ಬಾಗಿಲು ತೆರೆಯುವಾಗ ಬಂದು ಬಾಗಿಲು ಹಾಕುವಾಗ ಹೊರಡುವ ವಾಹನ ಮಾಲೀಕನದು, ಇಲ್ಲವೆ ಕೆಲಸಗಾರರದು. 100 ಗಿರಾಕಿಗಳು ಬಳಸಬಹುದಾದ ಜಾಗವನ್ನು ದಿನವಿಡೀ ಒಂದು ವಾಹನ ಬಳಸುತ್ತದೆ. ದಾಸ್ತಾನಿನ ವಹಿವಾಟು ಎಷ್ಟು ಬಾರಿ ಸುತ್ತಿತೆಂದು ವರ್ಷಕ್ಕೊಮ್ಮೆ ನೋಡುವ ವ್ಯಾಪಾರಿಯು ಅಂಗಡಿಯ ಮುಂದಿನ ಜಾಗ ಎಷ್ಟು ಬಾರಿ ಸುತ್ತಿತೆಂದು ನೋಡುವುದಿಲ್ಲ. ಪೇಟೆಯಿಂದ ಇನ್ನೂರು ಮೀಟರ್ ಆಚೆ ಮಾಲೀಕರ ವಾಹನಗಳಿಗಾಗಿ ಒಂದು ಖಾಲಿ ನಿವೇಶನವನ್ನು ಸಂಘವು ಬಾಡಿಗೆಗೆ ಹಿಡಿದರೆ ತಗಲುವ ಖರ್ಚನ್ನು ಅಂಗಡಿಗಳ ಸಂಖ್ಯೆಯಿಂದ ಭಾಗಿಸಿ ನೋಡಲಿ. ತಿಂಗಳ ಚಹಾದ ಖರ್ಚಿಗಿಂತ ಅದು ಬಹಳ ಹೆಚ್ಚಾಗಲಾರದು.

ಈಗ ಅಡಿಗಳ ಹಂಚಿಕೆ. ರಸ್ತೆ 66 ಅಡಿ, ಅಂದರೆ 20 ಮೀಟರ್ ಆಯಿತೆಂದು ಭಾವಿಸೋಣ. ನಡುವೆ ಎರಡು ಸಾಲು ವಾಹನಕ್ಕೆ 7 ಮೀಟರ್ ಸಾಕು. ಎರಡೂ ಬದಿ 2.5 ಮೀಟರಿನಂತೆ ನಿಲುಗಡೆಗೆ 5 ಮೀಟರ್, ಗಿಡ, ದೀಪದ ಕಂಬ, ಚರಂಡಿಯ ಮುಚ್ಚಳಗಳಿಗೆ ಒಟ್ಟು 2 ಮೀಟರ್, ಕಾಲುದಾರಿಗೆ ಬದಿಗೆ 3 ಮೀಟರಿನಂತೆ 6 ಮೀಟರ್. ಮೊತ್ತ ಸರಿಯಾಗಿ 20. ಇನ್ನು ರಸ್ತೆ 40 ಅಡಿಯಲ್ಲಿಯೇ, ಅಂದರೆ 12 ಮೀಟರಿನಲ್ಲಿಯೇ ಉಳಿಯಿತೆಂದರೂ ಕೈಚೆಲ್ಲಬೇಕಾಗಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 103ನೇ ಮಾರ್ಗಸೂಚಿಯು ಕಾಲುದಾರಿಗೆ ಅಡೆತಡೆಯಿಲ್ಲದ ಕನಿಷ್ಠ ಅಗಲ 1.8 ಮೀಟರ್ ಎನ್ನುತ್ತದೆ. ಎರಡು ಬದಿಗೆ 3.6 ಮೀಟರ್, ವಾಹನಪಥಕ್ಕೆ 5.5 ಮೀಟರ್, ಒಂದೇ ಬದಿಗೆ ಸರಕು ಇಳಿಸುವ ಹಾಗೂ ನಿಲುಗಡೆಯ ಪಟ್ಟಿಗೆ 2.5 ಮೀಟರ್: ಒಟ್ಟು 11.6. ಇದಕ್ಕೆ ಎರಡು ಷರತ್ತುಗಳಿವೆ. ಊರನ್ನು ದಾಟುವ ಭಾರದ ವಾಹನ ಹೊರವಲಯದಲ್ಲಿ ಹೋಗಬೇಕು, ಅಂಗಡಿಗೆ ಬರುವ ಲಾರಿ ನಿಗದಿತ ಹೊತ್ತಿನಲ್ಲಿ ಬರಬೇಕು. ಅಗಲೀಕರಣವು ಕಟ್ಟಡ ಕೆಡವುವ ಖರ್ಚನ್ನು ಬೇಡುತ್ತದೆ, ಇದು ಶಿಸ್ತನ್ನು ಬೇಡುತ್ತದೆ. ನಮ್ಮ ಪಟ್ಟಣಗಳಲ್ಲಿ ಹೆಚ್ಚು ದುಬಾರಿ ಯಾವುದೆಂಬುದು ವಿವಾದಾಸ್ಪದ.

ಕಾಲುದಾರಿಯ ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಎಂಬುದೂ ಅದೇ ಮಾರ್ಗಸೂಚಿಯಲ್ಲಿದೆ. ಮೊಣಕಾಲೆತ್ತರಕ್ಕೆ ಕಟ್ಟಿದ ಕಟ್ಟೆಯನ್ನು ವೃದ್ಧರು ಹತ್ತುವುದಿಲ್ಲ, ರಸ್ತೆಯಲ್ಲಿಯೇ ನಡೆಯುತ್ತಾರೆ. ಆಮೇಲೆ, ಜನ ಫುಟ್‌ಪಾತ್ ಬಳಸುವುದಿಲ್ಲವೆಂದು ಅದರ ಮೇಲೆ ಡಬ್ಬಾ ಅಂಗಡಿ ಏಳುತ್ತದೆ. ಹಾಗೆಯೇ ರಸ್ತೆಯುಬ್ಬು: ಮಾನಕದ ಪ್ರಕಾರ 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರದ ಉಬ್ಬು ವಾಹನವನ್ನು ಸುಮಾರು 25ರ ವೇಗಕ್ಕೆ ಇಳಿಸುತ್ತದೆ. ಊರವರು ರಾತ್ರೋರಾತ್ರಿ ಹಾಕುವ ಕಡಿದಾದ ದಿಣ್ಣೆ ಬೆನ್ನುಮೂಳೆಗೆ ಮಾತ್ರ ಪಾಠ ಕಲಿಸುತ್ತದೆ.

ಬೀದಿಬದಿಯ ವ್ಯಾಪಾರಿಗಳ ವಿಷಯದಲ್ಲಿ ಅಂಗಡಿಕಾರರ ಕೋಪ ಸಹಜ. ತೆರಿಗೆ, ಬಾಡಿಗೆ, ಪರವಾನಗಿ ಯಾವುದೂ ಇಲ್ಲದವನು ಬಾಗಿಲಿಗೆ ಅಡ್ಡ ನಿಂತ ಎಂಬ ದೂರು. ಆದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ನಂತರ ಇದು ಕೇವಲ ಅತಿಕ್ರಮಣದ ಪ್ರಶ್ನೆಯಾಗಿ ಉಳಿದಿಲ್ಲ. ಪಟ್ಟಣ ವ್ಯಾಪಾರ ಸಮಿತಿ ರಚನೆಯಾಗಬೇಕು, ಅದರಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆಗೆ ಮುನ್ನ ಎತ್ತಂಗಡಿ ಮಾಡುವಂತಿಲ್ಲ. ನಕ್ಷೆಯಲ್ಲಿ ಅವರಿಗೆ ಪಟ್ಟಿ ಗುರುತಿಸದಿದ್ದರೆ ಅವರು ಕಾಲುದಾರಿಯ ಮೇಲೆಯೇ ಕೂಡುತ್ತಾರೆ. ಅಂಗಡಿಯ ಸಾಮಾನನ್ನು ಕಟ್ಟೆಯಾಚೆ ಮೂರಡಿ ಚಾಚುವ ಅಂಗಡಿಕಾರನು ಅವರತ್ತ ಬೆರಳು ತೋರುವ ಮುನ್ನ ತನ್ನ ತಗಡಿನ ಚಪ್ಪರವನ್ನೂ ಅಳೆದುಕೊಳ್ಳುವುದು ಒಳಿತು.

ಕೆಡವುವ ಪ್ರಸಂಗ ಬಂದರೆ

ಅಗಲೀಕರಣ ಅನಿವಾರ್ಯವೆಂದಾದಲ್ಲಿ ವ್ಯಾಪಾರಸ್ಥರು ತಿಳಿದಿರಬೇಕಾದ ಕೆಲವು ಕಾನೂನಿನ ಅಂಶಗಳಿವೆ. ಉತ್ತರಪ್ರದೇಶದ ಮಹಾರಾಜಗಂಜ್‌ನಲ್ಲಿ 2019ರಲ್ಲಿ ರಸ್ತೆ ಅಗಲೀಕರಣಕ್ಕಾಗಿ ಮನೆಯೊಂದನ್ನು ಕೆಡವಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 6ರಂದು ನೀಡಿದ ಆದೇಶವು ಎಲ್ಲ ರಾಜ್ಯಗಳಿಗೂ ಅನ್ವಯಿಸುವ ಕ್ರಮವನ್ನು ವಿಧಿಸಿತು. ಮೊದಲು ದಾಖಲೆ ಮತ್ತು ನಕ್ಷೆಗಳಿಂದ ರಸ್ತೆಯ ಈಗಿನ ಅಗಲವನ್ನು ಖಚಿತಪಡಿಸಬೇಕು. ಸರ್ವೆ ಮಾಡಬೇಕು. ಅತಿಕ್ರಮಣ ಕಂಡುಬಂದರೆ ನೋಟಿಸು ನೀಡಿ, ಆಕ್ಷೇಪಣೆಗೆ ಕಾರಣಸಹಿತವಾದ ಆದೇಶ ನೀಡಬೇಕು. ರಸ್ತೆಯ ಸ್ವಂತ ಅಗಲ ಸಾಲದಿದ್ದರೆ ಜಮೀನನ್ನು ಕಾನೂನಿನಂತೆ ಸ್ವಾಧೀನಪಡಿಸಿಕೊಂಡ ಮೇಲೆಯೇ ಕೆಡವಬೇಕು. ಹಾಗಾಗಿ ಹಳೆಯ ಖರೀದಿಪತ್ರ, ಸಿ.ಟಿ.ಎಸ್. ಉತಾರ, ಕಟ್ಟಡ ಪರವಾನಗಿ, ತೆರಿಗೆ ಪಾವತಿಗಳನ್ನು ಅಟ್ಟದಿಂದ ಇಳಿಸಿ ಒಂದು ಕಡತ ಮಾಡಿಡುವುದು ಇಂದಿನ ಕೆಲಸ. ನೋಟಿಸು ಬಂದ ದಿನ ಹುಡುಕತೊಡಗಿದರೆ ಅವಧಿ ಮುಗಿದಿರುತ್ತದೆ.

2013ರ ಭೂಸ್ವಾಧೀನ ಕಾಯ್ದೆಯಡಿ ಪರಿಹಾರ ನಿಗದಿಯಾದರೆ ಅದಕ್ಕೆ ಶೇ. 100ರಷ್ಟು ಸಾಂತ್ವನ ಧನ ಸೇರುತ್ತದೆ. ಕಟ್ಟಡದ ಮೌಲ್ಯ ಪ್ರತ್ಯೇಕ. ಆ ಕಾಯ್ದೆಯ 96ನೇ ಕಲಮಿನಂತೆ ಅದರಡಿಯ ತೀರ್ಪು ಅಥವಾ ಒಪ್ಪಂದದ ಮೊತ್ತಕ್ಕೆ ಆದಾಯ ತೆರಿಗೆ ಇಲ್ಲ. ನೇರ ತೆರಿಗೆಗಳ ಕೇಂದ್ರ ಮಂಡಳಿಯು 2016ರ ಅಕ್ಟೋಬರ್ 25ರ 36ನೇ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿತು. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ‘ಸಹಮತಿಯಿಂದ ಬಿಟ್ಟುಕೊಟ್ಟೆ’ ಎಂಬ ಒಂದು ಹಾಳೆಯ ಪತ್ರಕ್ಕೆ ಸಹಿ ಹಾಕಿ, ಅದರಲ್ಲಿ 2013ರ ಕಾಯ್ದೆಯ ಉಲ್ಲೇಖವೇ ಇಲ್ಲದಿದ್ದರೆ, ಮುಂದೆ ವಿನಾಯಿತಿ ಕೇಳುವಾಗ ತಕರಾರು ಎದುರಾಗಬಹುದು. ಸಹಿಗೆ ಮುನ್ನ ಆ ಉಲ್ಲೇಖ ಇದೆಯೇ ಎಂದು ನೋಡಬೇಕು. ಹಣದ ಬದಲು ಅಭಿವೃದ್ಧಿ ಹಕ್ಕಿನ ಪತ್ರ ಕೊಡುವೆವೆಂದರೆ ಇನ್ನೂ ಯೋಚಿಸಬೇಕು. ಬೆಂಗಳೂರಿನಲ್ಲಿ ಅದನ್ನು ಕೊಳ್ಳುವ ಕಟ್ಟಡಗಾರರಿರುತ್ತಾರೆ. ಎರಡು ಮಹಡಿಯೇ ದೊಡ್ಡದೆನ್ನುವ ಪಟ್ಟಣದಲ್ಲಿ ಹೆಚ್ಚುವರಿ ಮಹಡಿಯ ಹಕ್ಕನ್ನು ಯಾರಿಗೆ ಮಾರುವುದು?

ಬಾಡಿಗೆದಾರರ ಸ್ಥಿತಿ ಮಾಲೀಕರಿಗಿಂತ ಕಷ್ಟದ್ದು. ಪೇಟೆಯ ಅಂಗಡಿಗಳಲ್ಲಿ ಎಷ್ಟೋ ಬಾಡಿಗೆ ಅಂಗಡಿಗಳು, ಕರಾರು ಬಾಯಿಮಾತಿನದು. ಕಾಯ್ದೆಯು ಮೂರು ವರ್ಷಗಳಿಂದ ಅಲ್ಲಿಯೇ ಜೀವನೋಪಾಯ ನಡೆಸಿದವರನ್ನೂ ಬಾಧಿತ ಕುಟುಂಬವೆಂದು ಪರಿಗಣಿಸುತ್ತದೆ, ಸಣ್ಣ ವ್ಯಾಪಾರಿಗೆ ಕನಿಷ್ಠ 25,000 ರೂಪಾಯಿಯ ಒಂದಾವರ್ತಿ ನೆರವನ್ನೂ ಹೇಳುತ್ತದೆ. ಮೊತ್ತ ಅಲ್ಪವೇ. ಅದನ್ನು ಪಡೆಯಲಿಕ್ಕೂ ಅಂಗಡಿ ಅಲ್ಲಿತ್ತೆಂಬ ಪುರಾವೆ ಬೇಕು: ವ್ಯಾಪಾರ ಪರವಾನಗಿ, ವಿದ್ಯುತ್ ಬಿಲ್ಲು, ಜಿ.ಎಸ್.ಟಿ. ನೋಂದಣಿಯಲ್ಲಿ ನಮೂದಾದ ವಿಳಾಸ, ಬ್ಯಾಂಕಿನ ಮೂಲಕ ಕೊಟ್ಟ ಬಾಡಿಗೆ. ನಗದಾಗಿ ಬಾಡಿಗೆ ಕೊಟ್ಟು ರಸೀದಿ ಕೇಳದವರು ಕಾಗದದ ಮಟ್ಟಿಗೆ ಆ ಬೀದಿಯಲ್ಲಿ ಇರಲೇ ಇಲ್ಲ.

ನಡೆಯುವವನ ಹಕ್ಕು ಕೂಡ ಈಗ ಬರಿಯ ಸೌಜನ್ಯದ ಮಾತಾಗಿ ಉಳಿದಿಲ್ಲ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳಸಲು ಯೋಗ್ಯವಾದ ಕಾಲುದಾರಿಯು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಅಂಗವಿಕಲರೂ ಬಳಸಬಹುದಾದಂತೆ ಅವನ್ನು ರೂಪಿಸಲು ರಾಜ್ಯಗಳಿಗೆ ಸೂಚಿಸಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮು, ವಿನ್ಯಾಸದ ಮಾನಕ ಪಾಲಿಸದೆ ಸಾವುನೋವಿಗೆ ಕಾರಣವಾದ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಪುರಸಭೆಯ ಮುಂದೆ ಕಾಲುದಾರಿಯನ್ನು ಕೇಳುವ ವ್ಯಾಪಾರಿ ಸಂಘವು ಉಪಕಾರವನ್ನು ಬೇಡುತ್ತಿಲ್ಲ.

ದೊಡ್ಡ ವೆಚ್ಚಕ್ಕೆ ಮುನ್ನ ಸಣ್ಣ ಪ್ರಯೋಗ ಸಾಧ್ಯ. ರಾಣೆಬೆನ್ನೂರು ಅಥವಾ ಹಾವೇರಿಯ ಒಂದು ಪೇಟೆ ಓಣಿಯಲ್ಲಿ ಸುಣ್ಣದ ಗೆರೆ ಮತ್ತು ಮರಳಿನ ಚೀಲಗಳಿಂದ ಕಾಲುದಾರಿ ಗುರುತಿಸಿ, ಮಾಲೀಕರ ವಾಹನಗಳನ್ನು ಹೊರಗಿಟ್ಟು, ಸರಕಿನ ಲಾರಿಗೆ ಬೆಳಿಗ್ಗೆ 9ರೊಳಗೆ, ರಾತ್ರಿ 8ರ ಮೇಲೆ ಎಂದು ಹೊತ್ತು ಕಟ್ಟಿ ಒಂದು ತಿಂಗಳು ನೋಡಬಹುದು. ಹಮಾಲರೊಡನೆ ಮೊದಲೇ ಮಾತಾಡಬೇಕು, ಹೊತ್ತು ಬದಲಾದರೆ ಬದಲಾಗುವುದು ಅವರ ನಿದ್ರೆ ಮತ್ತು ಕೂಲಿ. ತಿಂಗಳ ಮೊದಲೂ ಆಮೇಲೂ ಪ್ರತಿ ಅಂಗಡಿಯವರು ದಿನಕ್ಕೆ ಎಷ್ಟು ಬಿಲ್ಲು ಹರಿದೆವೆಂದು ಬರೆದಿಟ್ಟರೆ, ಪರವಾಗಿಯೋ ವಿರುದ್ಧವಾಗಿಯೋ ಮಾತಾಡಲು ಒಂದು ಅಂಕಿ ಇರುತ್ತದೆ. ಅದಕ್ಕೆ ಸೂಕ್ತ ಕಾಲ ಮೆಣಸಿನಕಾಯಿಯ ಆವಕ ಏರುವ ಮೊದಲು, ನವೆಂಬರಿನೊಳಗೆ. ನಗರಸಭೆ, ಪುರಸಭೆಗಳು ಆಯವ್ಯಯದ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುವುದು ಅದರ ಬೆನ್ನಿಗೇ. ಆ ಸಭೆಗಳಲ್ಲಿ ವ್ಯಾಪಾರಸ್ಥರ ಕುರ್ಚಿಗಳು ಸಾಮಾನ್ಯವಾಗಿ ಖಾಲಿಯಿರುತ್ತವೆ.